ಕಲಿಸಹೊರಟವರು ಮೊದಲು ಕಲಿಯಲಿ

ಗಡಿನಾಡಿನ ಕನ್ನಡ ಶಾಲೆಯೊಂದು ಐವತ್ತು ವರ್ಷಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಈ ಶುಭ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳ ಮುಂದೆ ಒಂದು ವಿಚಾರವನ್ನಿಡಬಯಸುತ್ತೇನೆ. ಸಂಬಳದ ಆಸೆಯಿಲ್ಲದೆ, ಕೆಲವು ತಿಂಗಳ ಮಟ್ಟಿಗೆ ಪೂರ್ವ ಆಫ್ರಿಕದಂತಹ ನಾಡುಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಉತ್ಸಾಹ ಇಂದಿನ ಯುವಜನರಲ್ಲಿ ಕಾಣುತ್ತಿದೆ. ಇದು ಮೆಚ್ಚತಕ್ಕದ್ದೇ. ಆದರೆ ಅಲ್ಲಿನ ಸ್ವಾಹಿಲಿಯನ್ನು ತಾವೂ ಕಲಿಯಲು ಸಿದ್ಧರಿರುವವರು ಮಾತ್ರ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ತಾಂಜಾನಿಯಾದ ಬಹುತೇಕ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೋಧನೆ ನಡೆಯುವುದು ಸ್ವಾಹಿಲಿಯಲ್ಲಿ. ಪ್ರೌಢಶಾಲೆಗೆ ಕಾಲಿಟ್ಟೊಡನೆ ಎಲ್ಲವೂ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಕಾಲೇಜಿನ ಮೆಟ್ಟಿಲೇರಿದ ನನ್ನಂಥವರಿಗೆ ಆ ಮಕ್ಕಳ ಕಷ್ಟವನ್ನು ವಿವರಿಸಬೇಕಾಗಿಲ್ಲ. ಗೊತ್ತಿದ್ದ ಉತ್ತರವೂ ಭಾಷೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಆಗ ಮಗುವಿನ ಕೈಹಿಡಿದು ಹೊಸ್ತಿಲು ದಾಟಿಸಬಲ್ಲವನು ಎರಡೂ ಬದಿಯ ನೆಲವನ್ನು ಬಲ್ಲವನೇ.

ಒಂದೆರಡು ಉದಾಹರಣೆ ಸಾಕು. ಸ್ವಾಹಿಲಿಯಲ್ಲಿ ‘ಅವನು’, ‘ಅವಳು’ ಎರಡಕ್ಕೂ ‘ಯೆಯೆ’ ಎಂಬ ಒಂದೇ ಪದ. ಆದುದರಿಂದ ಅಲ್ಲಿನ ಮಗು ಇಂಗ್ಲಿಷಿನಲ್ಲಿ ತಾಯಿಯನ್ನು ‘ಹೀ’ ಎಂದರೆ ಅದು ದಡ್ಡತನವಲ್ಲ. ಕನ್ನಡದಲ್ಲಿ ಬಹುವಚನಕ್ಕೆ ಪದದ ಕೊನೆಗೆ ‘ಗಳು’ ಸೇರಿದರೆ, ಅಲ್ಲಿ ಪದದ ಆದಿಯೇ ಬದಲಾಗುತ್ತದೆ: ‘ಕಿತಾಬು’ ಎಂದರೆ ಪುಸ್ತಕ, ‘ವಿತಾಬು’ ಎಂದರೆ ಪುಸ್ತಕಗಳು. ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದ ಪದಗಳು ಸ್ವಾಹಿಲಿಯಲ್ಲಿಲ್ಲ, ನಮ್ಮಲ್ಲಿಯೂ ಇಲ್ಲ. ಇದನ್ನರಿಯದ ಶಿಕ್ಷಕ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತಿಸಿಯಾನು, ತಿದ್ದಲಾರ.

ಸ್ವಾಹಿಲಿ ನಮಗೆ ತೀರಾ ಅಪರಿಚಿತವೂ ಅಲ್ಲ. ಅರಬ್ಬಿ ಸಮುದ್ರದ ವ್ಯಾಪಾರ ಎರಡೂ ದಡಗಳಿಗೆ ಶಬ್ದಗಳನ್ನು ಹಂಚಿದೆ. ನಮ್ಮ ಮೇಜು ಅವರಿಗೆ ‘ಮೇಜಾ’, ಸಾಬೂನು ‘ಸಬೂನಿ’, ಗಾಡಿ ‘ಗಾರಿ’, ವಕೀಲ ‘ವಕೀಲಿ’. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ನಮ್ಮವರಿಗೆ ಇನ್ನೊಂದು ಭಾಷೆ ಹೊರೆಯಾಗದು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು ಎಂಬುದನ್ನು ನೆನೆದರೆ ಸಾಕು.

ಕಲಿಸಲು ಬಂದು ಕಲಿತವರ ನಿದರ್ಶನ ನಮ್ಮ ಸುತ್ತಲೇ ಇದೆ. ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ತಲಶ್ಶೇರಿಯಲ್ಲಿ ನೆಲಸಿದ್ದ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ ಬಂದವು. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರ ಕನ್ನಡ ನಿಘಂಟು ಪ್ರಕಟವಾದುದು 1894ರಲ್ಲಿ. ಅಂದರೆ ನಲವತ್ತೊಂದು ವರ್ಷಗಳ ಮೇಲೆ. ಕಿಟ್ಟೆಲರು ಕಲಿತ ಬಾಸೆಲಿನ ಶಾಲೆಯಲ್ಲಿಯೇ ಅವರಿಗಿಂತ ಮೊದಲು ಓದಿದ ಕ್ರಾಪ್ಫ್ ಎಂಬವರು 1844ರಲ್ಲಿ ಮೊಂಬಾಸಾ ಸೇರಿ ಸ್ವಾಹಿಲಿಯನ್ನು ಅಭ್ಯಸಿಸಿದರು. ಅವರ ನಿಘಂಟು 1882ರಲ್ಲಿ, ಅವರ ಮರಣಾನಂತರ ಬೆಳಕು ಕಂಡಿತು. ಇವರೆಲ್ಲರ ಉದ್ದೇಶ ಮತಪ್ರಚಾರವಾಗಿತ್ತು, ನಿಜ. ಆದರೆ ಜನರ ಮಾತನ್ನು ಕಲಿಯದೆ ಅವರಿಗೆ ಏನನ್ನೂ ಹೇಳಲಾಗದೆಂಬ ವಿವೇಕ ಅವರಿಗಿತ್ತು.

ಕೆಲವೇ ತಿಂಗಳಲ್ಲಿ ಭಾಷೆ ಕಲಿಯಲಾದೀತೆ ಎಂದು ಕೇಳಬಹುದು. ನಿಘಂಟು ರಚಿಸಬೇಕಾಗಿಲ್ಲ. ಕುಶಲ ಕೇಳುವಷ್ಟು, ಲೆಕ್ಕ ಹೇಳುವಷ್ಟು, ‘ಅರ್ಥವಾಯಿತೆ?’ ಎಂದು ಕೇಳಿ ಬಂದ ಉತ್ತರವನ್ನು ತಿಳಿಯುವಷ್ಟು ಸಾಕು. ಅದಕ್ಕೂ ವ್ಯವಧಾನವಿಲ್ಲದವರ ಪಯಣ ಪ್ರವಾಸವಾದೀತೇ ಹೊರತು ಸೇವೆಯಾಗದು.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ಕನ್ನಡ ಶಾಲೆಗಳು ಬಾಳಿಬಂದಿವೆ. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ಬಂದಾಗ ಮಕ್ಕಳೂ ಪಾಲಕರೂ ಪ್ರತಿಭಟಿಸಬೇಕಾಗಿ ಬಂದುದುಂಟು. ಅದು ಮಲಯಾಳದ ಮೇಲಿನ ದ್ವೇಷವಲ್ಲ. ಮಲಯಾಳವನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ತನ್ನ ಪ್ರಶ್ನೆಯನ್ನು ಅರಿಯಬಲ್ಲ ಗುರು ಬೇಕೆಂಬುದಷ್ಟೇ ಮಗುವಿನ ಕೇಳಿಕೆ. ಇಲ್ಲಿ ನಾವು ಬೇಡುವ ನ್ಯಾಯವನ್ನು ಆಫ್ರಿಕದ ಮಗುವಿಗೆ ನಾವೇ ನಿರಾಕರಿಸಿದರೆ ನಮ್ಮ ಬೇಡಿಕೆಗೆ ಬೆಲೆಯೆಲ್ಲಿ?

ಆದುದರಿಂದ, ಹೋಗಬಲ್ಲವರು ಹೋಗಿ ಬನ್ನಿ. ಹಿಂದಿರುಗಿದ ಬಳಿಕ ಒಂದು ವಾರವನ್ನಾದರೂ ನೀವು ಓದಿದ ಶಾಲೆಗೆ ಮೀಸಲಿಡಿ. ಇಲ್ಲಿಯೂ ಇಂಗ್ಲಿಷಿಗೆ ಅಂಜುವ ಮಕ್ಕಳಿದ್ದಾರೆ. ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ನೀವು. ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.