ವಾಕ್‌ಶ್ರವಣ ಶಿಕ್ಷಣ ಮತ್ತು ಕನ್ನಡ ವಿಭಾಗಗಳ ಹೊಣೆ

ನಾಭಿಮೂಲದಿಂದ ಹೊರಟ ಗಾಳಿಯು ಕಹಳೆಯ ರೀತಿಯಲ್ಲಿ ಮೇಲೇರಿ ಶಬ್ದವಾಗುವುದೆಂದು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದ್ದಾನೆ. ಕನ್ನಡದ ಸ್ನಾತಕೋತ್ತರ ತರಗತಿಗಳಲ್ಲಿ ಈ ಸೂತ್ರವನ್ನು ತಲೆಮಾರುಗಳಿಂದ ಪಾಠ ಹೇಳಲಾಗುತ್ತಿದೆ. ಆದರೆ ಆ ಗಾಳಿ ಮಾತಾಗದೆ ಉಳಿದಾಗ, ಮಾತಾದರೂ ಕಿವಿಗೆ ತಲುಪದಿದ್ದಾಗ ಏನು ಮಾಡಬೇಕೆಂಬುದನ್ನು ಕಲಿಸುವ ಶಾಸ್ತ್ರದೊಡನೆ ಕನ್ನಡ ವಿಭಾಗಗಳ ನಂಟು ತೀರ ತೆಳುವಾದುದು. ಈ ಅಂತರದ ಬೆಲೆಯನ್ನು ತೆರುತ್ತಿರುವವರು ವಿದ್ವಾಂಸರಲ್ಲ, ಮಕ್ಕಳು ಮತ್ತು ಮುದುಕರು.

ಭಾರತದಲ್ಲಿ ವಾಕ್‌ಶ್ರವಣ ವಿಜ್ಞಾನದ ಬೋಧನೆ ಬೇರೂರಿದ್ದು 1960ರ ದಶಕದಲ್ಲಿ. ಮುಂಬಯಿಯ ನಾಯರ್ ಆಸ್ಪತ್ರೆಗೆ ಸೇರಿದ ಟೋಪಿವಾಲಾ ವೈದ್ಯಕೀಯ ಮಹಾವಿದ್ಯಾಲಯವು ಇದರ ಮೊದಲ ನೆಲೆಗಳಲ್ಲೊಂದು. 1965ರಲ್ಲಿ ಮೈಸೂರಿನ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆಯೂ 1983ರಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಸ್ಥಾಪನೆಗೊಂಡವು. ಮೈಸೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ನ. ರತ್ನ ಅವರು ಕನ್ನಡದ ಗಣ್ಯ ನಾಟಕಕಾರರೂ ಹೌದು. ಮಾತಿನ ಚಿಕಿತ್ಸೆ ಮತ್ತು ಮಾತಿನ ಕಲೆ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಬಾಳಬಲ್ಲವೆಂಬುದಕ್ಕೆ ಇದು ನಿದರ್ಶನ. ವ್ಯಕ್ತಿಗೆ ಸಾಧ್ಯವಾದುದು ವಿಭಾಗಗಳಿಗೆ ಏಕೆ ಸಾಧ್ಯವಾಗಲಿಲ್ಲ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಯ ತೀವ್ರತೆ ಕರ್ನಾಟಕದ ಹೊರಗೆ ಹೆಚ್ಚು. ಅಂಬರನಾಥವನ್ನೇ ನೋಡಬಹುದು. 1060ರ ಶಿಲಾಹಾರರ ಶಿವಾಲಯದ ಪಕ್ಕದಲ್ಲೇ ಶಸ್ತ್ರಾಸ್ತ್ರ ಕಾರ್ಖಾನೆಯನ್ನೂ ರಾಸಾಯನಿಕ ಉದ್ಯಮಗಳನ್ನೂ ಬೆಳೆಸಿಕೊಂಡ ಈ ಊರಿನಲ್ಲಿ ಕನ್ನಡದ ಮನೆಗಳಿವೆ. ಇಂಥ ಮನೆಯ ಮಗುವೊಂದು ಮೂರು ವರ್ಷವಾದರೂ ಸರಿಯಾಗಿ ಮಾತನಾಡದಿದ್ದರೆ ತಾಯಿ ಅದನ್ನೆತ್ತಿಕೊಂಡು ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೋ ಮುಂಬಯಿ ಸೆಂಟ್ರಲ್‌ಗೋ ಹೋಗಬೇಕಾದೀತು. ಅಲ್ಲಿ ಪರೀಕ್ಷೆ ನಡೆಸುವ ತರುಣ ಚಿಕಿತ್ಸಕರು ಶ್ರದ್ಧಾವಂತರೇ. ಆದರೆ ಅವರು ಓದಿದ್ದು ಇಂಗ್ಲಿಷಿನಲ್ಲಿ, ಮಗುವಿನೊಡನೆ ಆಡುವುದು ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ. ಮಗುವಿನ ಮನೆಯ ಭಾಷೆ ಆ ಕೋಣೆಯಲ್ಲಿ ಇರುವುದೇ ಇಲ್ಲ.

ಇದರ ಪರಿಣಾಮ ಸಣ್ಣದಲ್ಲ. ಮರಾಠಿಯಲ್ಲಿ ಮಹಾಪ್ರಾಣವು ಅರ್ಥಭೇದಕ. ಮನೆಯೆಂಬ ಅರ್ಥದ 'ಘರ್' ಎಂಬುದು 'ಗರ್' ಆದರೆ ಹಣ್ಣಿನ ತಿರುಳಾಗುತ್ತದೆ. ಕನ್ನಡದ ಆಡುಮಾತಿನಲ್ಲಾದರೋ ಮಹಾಪ್ರಾಣವು ಅಲ್ಪಪ್ರಾಣದಲ್ಲಿ ಲೀನವಾಗುವುದು ಬಹುಮಟ್ಟಿಗೆ ಸಹಜ. 'ಹಾಲು' ಎಂಬುದನ್ನು 'ಆಲು' ಎನ್ನುವ ಪ್ರದೇಶಗಳೂ ಕರ್ನಾಟಕದಲ್ಲಿವೆ. ಇದನ್ನರಿಯದ ಪರೀಕ್ಷಕನಿಗೆ ಉಪಭಾಷೆಯೇ ಉಚ್ಚಾರದೋಷವಾಗಿ ಕಾಣುತ್ತದೆ. ಮತ್ತೊಂದೆಡೆ, 'ಕತೆ' ಮತ್ತು 'ಕತ್ತೆ', 'ಬಳೆ' ಮತ್ತು 'ಬಾಳೆ' ಇವುಗಳ ನಡುವಣ ಭೇದವನ್ನು ಮಗು ಕೇಳಿಸಿಕೊಳ್ಳಲಾರದಿದ್ದರೆ ಆ ನಿಜವಾದ ದೋಷ ಅವನ ಗಮನಕ್ಕೇ ಬಾರದು. ಇಲ್ಲದ ರೋಗಕ್ಕೆ ಮದ್ದು, ಇದ್ದ ರೋಗಕ್ಕೆ ಮೌನ!

ವೃದ್ಧರ ಸ್ಥಿತಿಯೂ ಇದೇ. ಯಂತ್ರಗಳ ಸದ್ದಿನ ನಡುವೆ ದುಡಿದವರ ಕಿವಿ ಮಂದವಾಗುವುದನ್ನು ಕಾರ್ಖಾನೆ ಕಾಯಿದೆಯೇ ವೃತ್ತಿಜನ್ಯ ವ್ಯಾಧಿಯೆಂದು ಅಂಗೀಕರಿಸಿತ್ತು. ಶ್ರವಣ ಪರೀಕ್ಷೆಯಲ್ಲಿ ಬರಿಯ ಸ್ವರಗಳನ್ನಲ್ಲದೆ ಪದಗಳನ್ನೂ ಕೇಳಿಸಿ ಮರಳಿ ಹೇಳಿಸುವುದುಂಟು. ಆ ಪದಗಳು ಅಪರಿಚಿತ ಭಾಷೆಯವಾದರೆ, ಸೋತದ್ದು ಕಿವಿಯೋ ಭಾಷಾಜ್ಞಾನವೋ ಎಂದು ನಿರ್ಣಯಿಸುವ ಬಗೆ ಹೇಗೆ?

ಎಲ್ಲಕ್ಕಿಂತ ಕಳವಳಕಾರಿಯಾದುದು 'ಮನೆಯಲ್ಲಿ ಒಂದೇ ಭಾಷೆ ಆಡಿ, ಶಾಲೆಯ ಭಾಷೆಯನ್ನೇ ಆಡಿ' ಎಂಬ ಸಲಹೆ. ದ್ವಿಭಾಷಿಕತೆಯಿಂದ ಮಾತಿನ ದೋಷ ಹುಟ್ಟುವುದಿಲ್ಲವೆಂದು ಸಂಶೋಧನೆಗಳು ಸ್ಪಷ್ಟಪಡಿಸಿದ್ದರೂ ಈ ಸಲಹೆ ಇನ್ನೂ ನಿಂತಿಲ್ಲ. ಅದನ್ನು ಪಾಲಿಸಿದ ಮನೆಯಲ್ಲಿ ಮರಾಠಿಯೂ ಹಿಂದಿಯೂ ಬಾರದ ಅಜ್ಜಿ ಮೊಮ್ಮಗುವಿನ ಮುಂದೆ ಮೂಕಳಾಗುತ್ತಾಳೆ. ಮಾತು ಕಲಿಯಬೇಕಾದ ಮಗುವಿಗೆ ದಿನವಿಡೀ ಮಾತನಾಡಿಸುವ ಜೀವವೊಂದು ಇಲ್ಲವಾಗುತ್ತದೆ.

ತರಗತಿಯಲ್ಲಿ ನಾನಾ ರಾಜ್ಯಗಳ ವಿದ್ಯಾರ್ಥಿಗಳಿರುವಾಗ ಎಲ್ಲ ಭಾಷೆಗಳಲ್ಲಿ ಕಲಿಸುವುದು ಅಸಾಧ್ಯವೆಂಬ ಆಕ್ಷೇಪ ನ್ಯಾಯವಾದುದೇ. ಇಂಗ್ಲಿಷ್ ಮಾಧ್ಯಮವನ್ನು ಕೈಬಿಡಬೇಕೆಂಬುದು ಇಲ್ಲಿನ ವಾದವಲ್ಲ. ಧ್ವನಿಶಾಸ್ತ್ರ, ಭಾಷಾವಿಜ್ಞಾನಗಳು ಆ ಪಠ್ಯಕ್ರಮದಲ್ಲಿ ಈಗಾಗಲೇ ಇವೆ. ಇಲ್ಲದಿರುವುದು ಅವುಗಳನ್ನು ನೆರೆಯ ಭಾಷೆಗಳಿಗೆ ಅನ್ವಯಿಸುವ ಅಭ್ಯಾಸ. ಅದನ್ನು ಒದಗಿಸಬಲ್ಲವರು ಭಾಷಾ ವಿಭಾಗದವರು. ಕಲೀನಾದ ಕನ್ನಡ ವಿಭಾಗಕ್ಕೂ ಬಾಂದ್ರಾದ ಸಂಸ್ಥೆಗೂ ನಡುವಿನ ದಾರಿ ದೂರದ್ದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, ವಾಕ್‌ಶ್ರವಣ ಸಂಸ್ಥೆ ಮೂರೂ ನೆರೆಹೊರೆ. ಉಪಭಾಷೆ ಮತ್ತು ದೋಷಗಳ ವ್ಯತ್ಯಾಸ ಕುರಿತ ಕಿರುಪಠ್ಯ, ಮುಂಬಯಿ ಕನ್ನಡ ಮಕ್ಕಳ ಮಾತಿನ ಸಂಗ್ರಹ, ಹೊರನಾಡಿನ ವೃದ್ಧರಿಗೆ ಪರಿಚಿತವಾದ ಪದಗಳ ಪಟ್ಟಿ ಇವುಗಳಿಂದ ಕೆಲಸ ಮೊದಲಾಗಬಹುದು. ಕನ್ನಡ ಅಧ್ಯಾಪಕರೂ ಅಲ್ಲಿ ಕಿವಿಯ ರಚನೆಯನ್ನು, ನಾಲಗೆಯ ನರಗಳ ವ್ಯಾಪಾರವನ್ನು ಕಲಿತು ಬರಬೇಕು.

ಕನ್ನಡದ ಉಳಿವನ್ನು ಕುರಿತು ವೇದಿಕೆಗಳಲ್ಲಿ ಸಾಕಷ್ಟು ಚಿಂತಿಸಲಾಗಿದೆ. ಅಂಬರನಾಥದ ಒಂದು ಮಗು ತನ್ನ ಅಜ್ಜಿಯನ್ನು 'ಅಜ್ಜಿ' ಎಂದು ಕರೆಯಲು ನೆರವಾಗುವ ವಿದ್ಯೆಯಲ್ಲಿ ಕನ್ನಡ ವಿಭಾಗಗಳಿಗೂ ಪಾಲಿರಬೇಕು. ಆ ಪಾಲನ್ನು ಕೇಳಿ ಪಡೆಯುವ ಕಾಲ ಬಂದಿದೆ.