ಎಲ್ಲರಿಗೂ ಒಂದೇ ಬೆಂಚು

ಉಡುಪಿ ಎಂದೊಡನೆ ಶ್ರೀಕೃಷ್ಣಮಠದ ಜೊತೆಗೆ ಮಸಾಲೆದೋಸೆಯೂ ನೆನಪಿಗೆ ಬರುತ್ತದೆ. ಆ ಸೀಮೆಯ ಜನ ಜೀವನೋಪಾಯವನ್ನರಸಿ ದೂರದ ಊರುಗಳಿಗೆ ಹೋಗಿ ಹೋಟೆಲುಗಳನ್ನು ತೆರೆದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಮುಂದೆ ‘ಮಾವಳ್ಳಿ ಟಿಫಿನ್ ರೂಮ್’ ಎಂದು ಪ್ರಸಿದ್ಧವಾಯಿತು. ಹೋಟೆಲಿನ ಹೆಸರಿನೊಡನೆ ಜಾತಿಯ ಹೆಸರೂ ಸೇರಿರುವುದು ಅಂದಿನ ವಾಡಿಕೆಯಾಗಿತ್ತು.

ಉಡುಪಿಯೂ ಇದ್ದಂತೆಯೇ ಉಳಿಯಲಿಲ್ಲ. ನೆರೆಯ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ದೇಶದ ನಾನಾ ಭಾಗಗಳಿಂದ ವಿದ್ಯಾರ್ಥಿಗಳು ಬಂದರು. ಇಂದು ಅಲ್ಲಿ ಗೋಳಿಬಜೆಯಂತೆಯೇ ಉತ್ತರ ಭಾರತದ ರೊಟ್ಟಿ, ಚೀನೀ ನೂಡಲ್ಸ್, ಮೀನೂಟಗಳೂ ದೊರೆಯುತ್ತವೆ. ಊರಿನ ತಿನಿಸುಗಳು ಮರೆಯಾದಾವೆಂದು ಕೆಲವರು ಕೊರಗುತ್ತಾರೆ. ಆ ಕೊರಗು ನ್ಯಾಯವಾದುದೇ.

ಆದರೆ ರುಚಿಗಿಂತ ಮಿಗಿಲಾದ ಬದಲಾವಣೆಯೊಂದುಂಟು. ಹಿಂದೆ ನಾಡಿನ ಅನೇಕ ಹೋಟೆಲುಗಳಲ್ಲಿ ಜಾತಿಗೊಂದು ಕೋಣೆಯಿತ್ತು. ಕೆಲವರಿಗೆ ಹೊಸ್ತಿಲನ್ನು ದಾಟುವ ಅವಕಾಶವೂ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಹೋಟೆಲಿನ ಬಾಗಿಲನ್ನು ಸರ್ವರಿಗೂ ತೆರೆಯಿತು.

ಉಡುಪಿಯ ಹೋಟೆಲಾಗಲಿ, ಸಂತೆಮರಹಳ್ಳಿಯ ಚಹಾದಂಗಡಿಯಾಗಲಿ, ಅದರ ಹಿರಿಮೆಯನ್ನು ತಿನಿಸುಗಳ ಪಟ್ಟಿಯಿಂದ ಅಳೆಯಲಾಗದು. ಬಂದವರೆಲ್ಲರಿಗೂ ಒಂದೇ ಬಗೆಯ ಲೋಟ, ಒಂದೇ ಬೆಂಚು ದೊರೆಯುವುದೇ? ನಾವು ಕೇಳಬೇಕಾದ ಪ್ರಶ್ನೆ ಇದು.