ಮಾಧ್ಯಮ ಬದಲಾದರೆ ಮಾತು ಬಂದೀತೇ?

ಮಕ್ಕಳು ಯಾವ ಮಾಧ್ಯಮದಲ್ಲಿ ಓದಬೇಕು ಎಂಬ ಜಗಳದಲ್ಲಿ ಕರ್ನಾಟಕ ದಶಕಗಳನ್ನೇ ಕಳೆದಿದೆ. ಯಾವ ಇಂಗ್ಲಿಷನ್ನು, ಎಷ್ಟು, ಹೇಗೆ ಕಲಿಸಬೇಕು ಎಂದು ಕೇಳಿದ್ದು ಕಡಿಮೆ. 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019-20ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಆದರೆ ಮೈಸೂರಿನ ಆಟೊ ಚಾಲಕನೋ ಗಾರ್ಮೆಂಟ್ಸ್ ಕೆಲಸಗಾರ್ತಿಯೋ ಶಾಲೆಯಿಂದ ಬಯಸುವುದು ದ್ಯುತಿಸಂಶ್ಲೇಷಣೆಯನ್ನು ಇಂಗ್ಲಿಷಿನಲ್ಲಿ ಉರು ಹೊಡೆಸುವುದನ್ನಲ್ಲ. ಮಗಳು ಇಂಟರ್‌ವ್ಯೂನಲ್ಲಿ ತಡವರಿಸದಿರಲಿ, ಬ್ಯಾಂಕಿನ ಕೌಂಟರಿನಲ್ಲಿ ತಲೆ ತಗ್ಗಿಸದಿರಲಿ ಎಂಬುದಷ್ಟೇ ಅವರ ಆಸೆ. ಅದು ದಿನಬಳಕೆಯ ಇಂಗ್ಲಿಷ್. ಮಾಧ್ಯಮ ಬೇರೆಯದೇ ಸಂಗತಿ. ಎರಡನ್ನೂ ಒಂದೇ ಎಂದು ನಂಬಿಸಿ ಶುಲ್ಕ ವಸೂಲಿ ಮಾಡುವ ಶಾಲೆಗಳು ನಗರದ ಬಡಾವಣೆ ಬಡಾವಣೆಯಲ್ಲೂ ಇವೆ.

ದಿನಬಳಕೆಗೆ ಬೇಕಾದ ಭಾಷೆ ನಾವು ಹೆದರುವಷ್ಟು ದೊಡ್ಡದಲ್ಲ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ದಾರಿ ಹುಡುಕಿದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿ ಕೊಟ್ಟರು. ಸಾಮಾನ್ಯ ಬರಹದ ಮುಕ್ಕಾಲು ಪಾಲಿಗಿಂತ ಹೆಚ್ಚು ಅಷ್ಟರಲ್ಲೇ ಸಿಗುತ್ತದೆ. ಬಸ್, ಟಿಕೆಟ್, ಲೇಟ್, ಡಾಕ್ಟರ್, ರಿಪೇರಿ, ಟೆನ್ಷನ್ ಎನ್ನುವ ಕನ್ನಡದ ಮಗು ಇಂಗ್ಲಿಷಿನ ಎಷ್ಟೋ ಪದಗಳನ್ನು ಮನೆಯಿಂದಲೇ ತಂದಿರುತ್ತದೆ. ಕೊರತೆ ಇರುವುದು ಜೋಡಣೆಯಲ್ಲಿ. ಬಸ್ಸೂ ಗೊತ್ತು, ಲೇಟೂ ಗೊತ್ತು. ಬಸ್ ತಡವಾಗಿ ಬಂದದ್ದರಿಂದ ಕ್ಲಾಸ್ ತಪ್ಪಿತು ಎಂದು ಹೇಳಲು ಹೊರಟರೆ ಬಾಯಿ ಕಟ್ಟುತ್ತದೆ. ಹಾಗಿರುವಾಗ ದಿನಕ್ಕೆ ಹತ್ತು ಹೊಸ ಪದ ಬಾಯಿಪಾಠ ಮಾಡಿಸುವುದು ಕಟ್ಟಡ ಏಳದ ನಿವೇಶನಕ್ಕೆ ಇಟ್ಟಿಗೆ ಸುರಿದಂತೆ. ಕಲಿಸಬೇಕಾದದ್ದು ಇಡಿಯಾದ ನುಡಿಗಟ್ಟು: ವಿನಂತಿಸುವುದು, ಒಪ್ಪದಿರುವುದು, ಅರ್ಥವಾಗದಿದ್ದಾಗ ಮತ್ತೊಮ್ಮೆ ಕೇಳುವುದು.

ಸಾಕ್ಷಿಗೆ ಮೈಸೂರು ಬಿಟ್ಟು ಹೋಗಬೇಕಿಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಅರಸಿ ವಿದೇಶಿಯರು ಬಂದು ನೆಲೆಸುವ ಗೋಕುಲಂನಲ್ಲಿ ಎಳನೀರು ಮಾರುವವರು, ಮನೆ ಬಾಡಿಗೆಗೆ ಕೊಡುವವರು, ಸ್ಕೂಟರ್ ಒದಗಿಸುವವರು ವ್ಯವಹಾರಕ್ಕೆ ತಕ್ಕ ಇಂಗ್ಲಿಷ್ ಆಡುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಅತ್ತರು, ಕುಂಕುಮ ಮಾರುವವರದ್ದೂ ಅದೇ ಕತೆ. ಕೆಲಸ ಮುಂದೆ, ಮಾತು ಅದರ ಹಿಂದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ ನಡೆಸಿದ, ಜಗತ್ತು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದು ಕರೆಯುವ ಪ್ರಯೋಗದ ತಿರುಳೂ ಇದೇ: ವ್ಯಾಕರಣ ಪಾಠದ ಬದಲು ರೈಲು ವೇಳಾಪಟ್ಟಿ ಓದುವಂಥ ಕೆಲಸ ಕೊಡಿ, ಗಮನ ಅರ್ಥದ ಮೇಲಿರಲಿ, ಭಾಷೆ ತಾನಾಗಿ ಕೂಡಿಬರುತ್ತದೆ.

ಇಂಥ ಕಲಿಕೆ ಮಕ್ಕಳನ್ನು ಅಂಗಡಿ ಇಂಗ್ಲಿಷಿಗೇ ಕಟ್ಟಿಹಾಕುವ ಹುನ್ನಾರ, ಉಳ್ಳವರ ಮಕ್ಕಳಿಗೆ ಮಾತ್ರ ಪೂರ್ತಿ ಇಂಗ್ಲಿಷ್ ಸಿಗುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಪತ್ರಿಕೆ, ಕಾದಂಬರಿಗಳನ್ನು ಸಲೀಸಾಗಿ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರ ರೂಪಗಳು) ಬೇಕು ಎಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಮಾರುಕಟ್ಟೆಯ ಮಾತು ಅಲ್ಲಿಗೆ ಮುಟ್ಟಿಸದು. ಆದರೆ ಆ ಎತ್ತರಕ್ಕೆ ಏರಿಸುವುದು ಓದು, ಓದಿಗೆ ಮೊದಲ ಮೆಟ್ಟಿಲು ಮಾತು. ಬಾಯಿ ತೆರೆಯುವ ಧೈರ್ಯವೇ ಇಲ್ಲದ ಮಗುವನ್ನು ಅರ್ಥವಾಗದ ವಿಜ್ಞಾನ ಪುಸ್ತಕದ ಮುಂದೆ ಕೂರಿಸಿದರೆ ವಿಜ್ಞಾನವೂ ಹೋಯಿತು, ಇಂಗ್ಲಿಷೂ ಬರಲಿಲ್ಲ. ಇನ್ನು ಕನ್ನಡ ಕೆಡುತ್ತದೆ ಎಂಬ ಆತಂಕ. ಬಿಎಂಶ್ರೀ, ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರುಗಳಾಗಿದ್ದ ಮೈಸೂರಿನಲ್ಲಿ ಆ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ.

ಕೊಡುವ ಅಂಕವೇ ಕಲಿಸುವುದನ್ನು ತೀರ್ಮಾನಿಸುತ್ತದೆ. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತನ್ನೂ ಮಾತಿಗೇ ಮೀಸಲಿಡಬೇಕು. ಇಂಥ ಬದಲಾವಣೆ ಇಲ್ಲಿಂದಲೇ ಶುರುವಾಗಬಹುದು: ಇಡೀ ರಾಜ್ಯಕ್ಕೆ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ‘ನಲಿ-ಕಲಿ’ 1995ರಲ್ಲಿ ಮೊಳೆತದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಮೇಷ್ಟ್ರುಗಳ ಕೈಯಲ್ಲಿ. ಭಾರತೀಯ ಭಾಷಾ ಸಂಸ್ಥಾನ, ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎರಡೂ ಮೈಸೂರಿನ ಮಾನಸಗಂಗೋತ್ರಿಯಲ್ಲಿವೆ. ಕನ್ನಡವನ್ನು ಆಸರೆಯಾಗಿಟ್ಟುಕೊಂಡ ನುಡಿಗಟ್ಟುಗಳ ಪಠ್ಯವೊಂದನ್ನು ರೂಪಿಸಲು ಶಿಕ್ಷಣ ಇಲಾಖೆ ಈ ಸಂಸ್ಥೆಗಳನ್ನು, ಮೇಷ್ಟ್ರುಗಳನ್ನು ಕೇಳಲಿ. ಮೈಸೂರಿನ ಸರ್ಕಾರಿ ಶಾಲೆಗಳಲ್ಲೇ ಮೊದಲು ಪರೀಕ್ಷಿಸಲಿ.